ನಿಮ್ಮ ಪಟ್ಟಿಯಲ್ಲಿ 17 ಹೆಸರಿದೆ, ನನ್ನ ಮಗಳಿಗೆ ಡಾಕ್ಟರ್ ಇಲ್ಲ

ಸಾರ್ವಜನಿಕ ಆರೋಗ್ಯ ವಿಮೆ ನಡೆಸುತ್ತಿರುವ ಎಲ್ಲರಿಗೂ ನಮಸ್ಕಾರ.

ನಿಮ್ಮ ಕಾರ್ಡ್ ಇಟ್ಟುಕೊಂಡಿರುವ ಲಕ್ಷಾಂತರ ಅಪ್ಪ ಅಮ್ಮಂದಿರಲ್ಲಿ ನಾನೂ ಒಬ್ಬ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ: ಆ ಕಾರ್ಡ್ ಮೇಲೆ ನನಗೆ ಗೌರವ ಇದೆ. ಮಗಳು ಹುಟ್ಟಿದಾಗ, ಆಮೇಲೆ ಅವಳಿಗೆ ನ್ಯುಮೋನಿಯಾ ಆದಾಗ, ಅದು ಇಲ್ಲದಿದ್ದರೆ ನಾವು ಸಾಲದಲ್ಲಿ ಮುಳುಗುತ್ತಿದ್ದೆವು. ಆಸ್ಪತ್ರೆಯಲ್ಲಿ ಯಾರೂ ನಮ್ಮನ್ನು ಬೇರೆ ಥರ ನೋಡಲಿಲ್ಲ. ಹಲ್ಲಿನ ವಿಷಯಕ್ಕೆ ಬಂದಾಗ ಮಾತ್ರ ಅದೇ ಕಾರ್ಡ್ ಬರೀ ಪ್ಲಾಸ್ಟಿಕ್ ತುಂಡಾಯಿತು. ಯಾಕೆ ಹಾಗಾಯಿತು ಅಂತ ನಾಲ್ಕು ತಿಂಗಳಿಂದ ಯೋಚನೆ ಮಾಡುತ್ತಿದ್ದೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮಗಳಿಗೆ ಐದೂವರೆ ವರ್ಷ. ಒಂದು ವಾರದಿಂದ ಒಂದೇ ಕಡೆ ಅಗಿಯುತ್ತಿದ್ದಳು. ನಾವು ಗಮನಿಸಲಿಲ್ಲ, ಒಪ್ಪಿಕೊಳ್ಳುತ್ತೇನೆ. ಒಂದು ರಾತ್ರಿ ಎರಡು ಗಂಟೆಗೆ ಎದ್ದು ಕೂತಳು. ಅಳಲಿಲ್ಲ. ದಿಂಬನ್ನು ಕೆನ್ನೆಗೆ ಒತ್ತಿಕೊಂಡು ಗೋಡೆಗೆ ಒರಗಿದ್ದಳು. "ಮಲಗಿದ್ರೆ ಹಲ್ಲು ಡವಡವ ಅನ್ನುತ್ತೆ ಅಪ್ಪ" ಎಂದಳು. ಮಲಗಿದಾಗ ತಲೆಯ ಕಡೆಗೆ ರಕ್ತ ಜಾಸ್ತಿ ಹರಿಯುತ್ತದೆ, ಊದಿಕೊಂಡ ಹಲ್ಲಿನ ಒಳಗೆ ಒತ್ತಡ ಏರುತ್ತದೆ, ಅದಕ್ಕೇ ಹಲ್ಲುನೋವು ರಾತ್ರಿ ಜೋರು ಎಂದು ಆಮೇಲೆ ಯಾರೋ ಹೇಳಿದರು. ಆ ಹೊತ್ತಲ್ಲಿ ನನಗೆ ಗೊತ್ತಿದ್ದದ್ದು ಇಷ್ಟೇ: ಫೋನಿನ ಟಾರ್ಚ್ ಹಾಕಿ ಬಾಯಿ ತೆರೆಸಿದರೆ ಕೆಳಗಿನ ದವಡೆಯಲ್ಲಿ ಎರಡು ಹಲ್ಲುಗಳ ನಡುವೆ ಕಂದು ಬಣ್ಣದ ಒಂದು ಗುಂಡಿ ಕಾಣುತ್ತಿತ್ತು.

ಬೆಳಗ್ಗೆ ನಿಮ್ಮ ಪಟ್ಟಿ ತೆಗೆದೆ. ನಮ್ಮ ಪಿನ್‌ಕೋಡ್ ಹಾಕಿ, "ಮಕ್ಕಳ ಹಲ್ಲಿನ ಡಾಕ್ಟರ್" ಎಂದು ಒತ್ತಿದೆ. 17 ಹೆಸರು ಬಂದವು. ನಿಜ ಹೇಳಬೇಕೆಂದರೆ ಖುಷಿಯಾಯಿತು. ಇಷ್ಟೊಂದು ಜನ ಇದ್ದಾರಲ್ಲ ಎಂದುಕೊಂಡು ಹೆಂಡತಿಗೆ ಕೆಲಸಕ್ಕೆ ಹೋಗು ಎಂದೆ, ನಾನೇ ರಜೆ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಆ 17 ಹೆಸರಿನ ಕಥೆ ಹೀಗಾಯಿತು. ಮೂರು ನಂಬರ್ ಚಾಲ್ತಿಯಲ್ಲೇ ಇಲ್ಲ. ಎರಡು ಕಡೆ "ಆ ಕಾರ್ಡ್ ತಗೊಳ್ಳೋದು ಬಿಟ್ಟು ಎರಡು ವರ್ಷ ಆಯ್ತು" ಎಂದರು. ನಾಲ್ಕು ಹೆಸರು ಒಬ್ಬರದ್ದೇ, ವಿಳಾಸ ಮಾತ್ರ ನಾಲ್ಕು. ಆ ಒಬ್ಬರು ಹೊಸ ಮಕ್ಕಳನ್ನು ನೋಡುವುದಿಲ್ಲ. ಮೂರು ಕಡೆ ಎಂಟು ವರ್ಷ ತುಂಬದ ಮಕ್ಕಳು ಬೇಡ ಎಂದರು. ಒಬ್ಬರು ನಿವೃತ್ತರಾಗಿದ್ದರು. ಫೋನ್ ಎತ್ತಿದ ಅವರ ಮಗ ಪಾಪ, ನನಗಿಂತ ಬೇಜಾರು ಮಾಡಿಕೊಂಡರು. ದಿನಾ ಒಂದೆರಡು ಫೋನ್ ಬರುತ್ತವಂತೆ. ಇನ್ನೊಬ್ಬರು ಹಲ್ಲಿಗೆ ಕ್ಲಿಪ್ ಹಾಕುವವರು, ಹುಳುಕು ನೋಡುವವರಲ್ಲ. ಎರಡು ಕಡೆ ಐದು ತಿಂಗಳು ಕಾಯಬೇಕು ಎಂದರು. ಉಳಿದದ್ದು ಒಂದು. ಅಲ್ಲಿ, "ನಾಳೆನೇ ಬನ್ನಿ" ಎಂದರು.

ನಾಳೆನೇ ಬನ್ನಿ ಎಂಬ ಮಾತು ಕೇಳಿ ನನಗೆ ಅನುಮಾನ ಬರಬೇಕಿತ್ತೋ, ನೆಮ್ಮದಿಯಾಗಬೇಕಿತ್ತೋ, ಈಗಲೂ ಗೊತ್ತಿಲ್ಲ.

ಕ್ಲಿನಿಕ್ ಚೆನ್ನಾಗಿತ್ತು. ಗೋಡೆ ತುಂಬ ಆನೆ, ಜಿರಾಫೆ. ಕುರ್ಚಿಯ ಮೇಲೆ ಸೀಲಿಂಗ್‌ಗೆ ಟಿವಿ. ಎಕ್ಸ್‌ರೇ ತೆಗೆದರು. ಡಾಕ್ಟರ್ ಬಂದು ಬಾಯಿ ನೋಡಿ ಹೋದರು, ಎಲ್ಲ ಸೇರಿ ನಾಲ್ಕು ನಿಮಿಷ ಇರಬಹುದು. ಆಮೇಲೆ ಡಾಕ್ಟರ್ ಅಲ್ಲದ ಒಬ್ಬರು ಕೈಯಲ್ಲಿ ಟ್ಯಾಬ್ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. "ಎಂಟು ಹಲ್ಲಿಗೆ ನರದ ಟ್ರೀಟ್‌ಮೆಂಟ್ ಮಾಡಿ ಸ್ಟೀಲ್ ಕ್ಯಾಪ್ ಹಾಕಬೇಕು. ಒಂದೇ ದಿನ ಮುಗಿಸಿಬಿಡ್ತೀವಿ. ಔಷಧಿ ಕೊಟ್ಟು ಮಂಪರು ಬರಿಸ್ತೀವಿ. ನೀವು ಹೊರಗೆ ಕೂತಿರಬೇಕು, ಅಪ್ಪ ಅಮ್ಮ ಇದ್ರೆ ಮಕ್ಕಳು ಹಠ ಜಾಸ್ತಿ ಮಾಡ್ತಾವೆ. ನಿಮಗೆ ಒಂದು ಪೈಸೆ ಖರ್ಚಿಲ್ಲ, ಎಲ್ಲ ಕಾರ್ಡ್‌ನಲ್ಲೇ. ಇಲ್ಲಿ ಸೈನ್ ಮಾಡಿ."

ಎಂಟು. ಬಾಯಲ್ಲಿರುವುದೇ 20. ನೋಯುತ್ತಿರುವುದು ಒಂದು.

ಎಕ್ಸ್‌ರೇ ಒಮ್ಮೆ ತೋರಿಸ್ತೀರಾ ಎಂದೆ. ಮೇಲ್ ಮಾಡ್ತೀವಿ ಎಂದರು. ಎಲ್ಲ ಎಂಟೂ ಈಗಲೇ ಬೇಕಾ ಎಂದೆ. "ಡಾಕ್ಟರ್ ಹೇಳಿದ್ದಾರಲ್ಲ ಸಾರ್" ಎಂದರು. ಮಂಪರಿನಲ್ಲಿರುವಾಗ ಅವಳ ಉಸಿರು ಯಾರು ನೋಡುತ್ತಾರೆ ಎಂದು ಕೇಳಿದೆ. ಆ ಪ್ರಶ್ನೆ ಅವರಿಗೆ ಹಿಡಿಸಲಿಲ್ಲ. ಮಗಳು ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು. ನಾನು ಸೈನ್ ಮಾಡದೆ ಎದ್ದು ಬಂದೆ. ಎಕ್ಸ್‌ರೇ ಮೇಲ್ ಇವತ್ತಿನವರೆಗೂ ಬಂದಿಲ್ಲ.

ಕಥೆ ಇಲ್ಲಿಗೆ ನಿಂತಿದ್ದರೆ ನಾನು ಬುದ್ಧಿವಂತ ಅಪ್ಪ ಅನಿಸಿಕೊಳ್ಳುತ್ತಿದ್ದೆ. ಮುಂದಿನ ಒಂಬತ್ತು ದಿನದ ಬಗ್ಗೆ ಯಾರಿಗೂ ಹೇಳಿಕೊಂಡಿರಲಿಲ್ಲ. ತೂಕ ನೋಡಿ ನೋವಿನ ಸಿರಪ್ ಕೊಡುವುದು, ರಾತ್ರಿ ಎರಡು ದಿಂಬು ಏರಿಸಿ ಮಲಗಿಸುವುದು, ಬೆಳಗ್ಗೆ ಮತ್ತೆ ಫೋನ್. ಎಂಟನೇ ದಿನ ಆ ಹಲ್ಲಿನ ಬುಡದಲ್ಲಿ, ವಸಡಿನ ಮೇಲೆ, ಮೊಡವೆಯಂಥ ಒಂದು ಬಿಳಿ ಗುಳ್ಳೆ ಎದ್ದಿತು. ಅದು ಎದ್ದ ದಿನ ನೋವು ಕಡಿಮೆಯಾಯಿತು. ನಾನು ಗುಣವಾಯಿತು ಎಂದುಕೊಂಡೆ. ಅದು ಕೀವು. ಒಳಗೆ ಕಟ್ಟಿದ್ದ ಕೀವಿಗೆ ಹೊರದಾರಿ ಸಿಕ್ಕಿತ್ತು, ಅಷ್ಟೇ.

ನಮಗೆ ಕೊನೆಗೆ ಡಾಕ್ಟರ್ ಸಿಕ್ಕಿದ್ದು ಹೇಗೆ ಗೊತ್ತಾ? ಮಗಳ ಲಸಿಕೆಗೆ ಹೋಗುವ ಕಡೆಯ ನರ್ಸ್ ಒಬ್ಬರು ಒಂದು ಚೀಟಿಯಲ್ಲಿ ಹೆಸರು ಬರೆದುಕೊಟ್ಟರು. ಎರಡು ಬಸ್ ಬದಲಿಸಿ ಹೋದೆವು. ಅವರು ನಿಮ್ಮ ಕಾರ್ಡ್ ತೆಗೆದುಕೊಳ್ಳುತ್ತಿದ್ದರು. ನಿಮ್ಮ ಪಟ್ಟಿಯಲ್ಲಿ ಮಾತ್ರ ಅವರ ಹೆಸರೇ ಇರಲಿಲ್ಲ.

ಆ ಡಾಕ್ಟರಮ್ಮ ಗಿಡ್ಡ ಸ್ಟೂಲ್ ಎಳೆದುಕೊಂಡು ಮಗಳ ಎದುರು ಕೂತರು. ಕೈಯಲ್ಲಿ ಏನೂ ಹಿಡಿದಿರಲಿಲ್ಲ. ಅವಳ ಗೊಂಬೆಗೆ ಎಷ್ಟು ಹಲ್ಲು ಎಂದು ಕೇಳಿದರು. ಗೊಂಬೆಗೆ ಹಲ್ಲಿರಲಿಲ್ಲ. "ಹಾಗಾದ್ರೆ ನಿನ್ನದು ಎಣಿಸೋಣ್ವಾ?" ಎಂದು ಪುಟ್ಟ ಕನ್ನಡಿ ಅವಳ ಕೈಗೇ ಕೊಟ್ಟರು. ಗಾಳಿ ಬಿಡುವ ಕೊಳವೆಯನ್ನು ಮೊದಲು ಅವಳ ಉಗುರಿನ ಮೇಲೆ ಬಿಟ್ಟರು, ಆಮೇಲೆ ಅಂಗೈ ಮೇಲೆ, ಆಮೇಲೆ ಒಂದು ಹಲ್ಲಿನ ಮೇಲೆ. ಮೊದಲು ಹೇಳುವುದು, ಆಮೇಲೆ ತೋರಿಸುವುದು, ಕೊನೆಗೆ ಮಾಡುವುದು. ಮಕ್ಕಳ ಹಲ್ಲಿನ ಡಾಕ್ಟರ್‌ಗಳಿಗೆ ಇದನ್ನು ಪಾಠವಾಗಿಯೇ ಕಲಿಸುತ್ತಾರಂತೆ. 25 ನಿಮಿಷ ಹೀಗೇ ಹೋಯಿತು. 26ನೇ ನಿಮಿಷಕ್ಕೆ ಮಗಳು ತಾನೇ ಬಾಯಿ ತೆರೆದು ಕುರ್ಚಿಗೆ ಒರಗಿದಳು. ನಾನು ಅವಳ ಕಾಲ ಬಳಿ ಕೂತಿದ್ದೆ. ಯಾರೂ ಹೊರಗೆ ಹೋಗಿ ಎನ್ನಲಿಲ್ಲ.

ಆಮೇಲೆ ಎಕ್ಸ್‌ರೇಯನ್ನು ಪರದೆ ಮೇಲೆ ದೊಡ್ಡದು ಮಾಡಿ ನನಗೆ ತೋರಿಸಿದರು. ಎರಡು ಹಲ್ಲು ಒಂದಕ್ಕೊಂದು ತಾಗುವ ಜಾಗ ಬರಿಗಣ್ಣಿಗೆ ಕಾಣುವುದಿಲ್ಲ, ಅಲ್ಲಿ ಹುಳುಕು ಶುರುವಾದರೆ ಅದು ಎಕ್ಸ್‌ರೇಯಲ್ಲಿ ಕಪ್ಪು ನೆರಳಾಗಿ ಕಾಣುತ್ತದೆ. ಪೆನ್ಸಿಲ್ ತುದಿಯಿಂದ ಒಂದೊಂದೇ ತೋರಿಸಿದರು. "ಇಲ್ಲಿ ನೆರಳು ಹೊರಗಿನ ಗಟ್ಟಿ ಪದರದಲ್ಲೇ ನಿಂತಿದೆ, ಇದನ್ನು ಕೊರೆಯೋದು ಬೇಡ. ಇಲ್ಲಿ ಒಳಗೆ ಬಂದಿದೆ. ಇಲ್ಲಿ ನರಕ್ಕೇ ಹೋಗಿದೆ, ಬುಡದಲ್ಲಿ ಮೂಳೆನೂ ತಿಂದಿದೆ ನೋಡಿ."

ಲೆಕ್ಕ ಹೀಗಾಯಿತು. ಆ ಮೊದಲ ಕ್ಲಿನಿಕ್‌ನವರು ಹೇಳಿದ ಅದೇ ಎಂಟು ಹಲ್ಲು. ಒಂದನ್ನು ಕೀಳಲೇಬೇಕು. ಎರಡಕ್ಕೆ ಸ್ಟೀಲ್ ಕ್ಯಾಪ್, ಆದರೆ ಇಂಜೆಕ್ಷನ್ ಇಲ್ಲದೆ, ಕೊರೆಯದೆ, ಹುಳುಕನ್ನು ಒಳಗೇ ಮುಚ್ಚಿ ಕೂರಿಸುವ ಕ್ಯಾಪ್. ಸ್ಕಾಟ್ಲೆಂಡಿನ ನಾರ್ನಾ ಹಾಲ್ ಎಂಬ ಡಾಕ್ಟರ್ ವರ್ಷಾನುಗಟ್ಟಲೆ ಹೀಗೆ ಮಾಡಿದ್ದರು. ಅವರ ದಾಖಲೆ 2006ರಲ್ಲಿ ಪ್ರಕಟವಾದ ಮೇಲೆ ಅದಕ್ಕೆ ಹಾಲ್ ವಿಧಾನ ಎಂದೇ ಹೆಸರಾಯಿತು. ಹೊರಗಿನಿಂದ ಆಹಾರ ಸಿಗದೆ ಒಳಗಿನ ಕ್ರಿಮಿಗಳು ಸುಮ್ಮನಾಗುತ್ತವೆ. ಮೂರು ಹಲ್ಲಿಗೆ ಬೆಳ್ಳಿ ಇರುವ ಒಂದು ಔಷಧ ಹಚ್ಚಬೇಕು: ಸಿಲ್ವರ್ ಡೈಅಮೈನ್ ಫ್ಲೋರೈಡ್. ಒಂದು ನಿಮಿಷದ ಕೆಲಸ. ಹುಳುಕು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲುತ್ತದೆ, ಆ ಜಾಗ ಮಾತ್ರ ಕಾಯಂ ಕಪ್ಪಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ. ಉಳಿದ ಎರಡು ಹಲ್ಲಿಗೆ ಹಲ್ಲು ಗಟ್ಟಿ ಮಾಡುವ ಫ್ಲೋರೈಡ್ ವಾರ್ನಿಷ್ ಬಳಿದು, ಆರು ತಿಂಗಳಿಗೊಮ್ಮೆ ನೋಡುತ್ತಿರಬೇಕು.

ಅಂದರೆ, ಎಂಟಕ್ಕೆ ಎಂಟೂ ನರದ ಚಿಕಿತ್ಸೆ ಎಂದದ್ದು ಅತಿಯಾಯಿತು. ನನ್ನ ಅನುಮಾನ ಸರಿ. ಆದರೆ ಒಂದು ಹಲ್ಲಿಗೆ ಆ ಚಿಕಿತ್ಸೆ ನಿಜವಾಗಿಯೂ ಬೇಕಿತ್ತು, ಆವತ್ತೇ ಬೇಕಿತ್ತು. ನಾನು ಎದ್ದು ಬಂದೆ, ಒಂಬತ್ತು ದಿನ ಕಳೆಯಿತು, ಉಳಿಯಬಹುದಾಗಿದ್ದ ಹಲ್ಲು ಹೋಯಿತು. ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. "ನಿಮಗೆ ಹೇಗೆ ಗೊತ್ತಾಗಬೇಕು?" ಎಂದರು.

ಆ ಪ್ರಶ್ನೆಯನ್ನೇ ನಿಮಗೆ ಕೇಳುತ್ತಿದ್ದೇನೆ. ನನಗೆ ಹೇಗೆ ಗೊತ್ತಾಗಬೇಕು?

ನನ್ನ ಕಣ್ಣಿಗೆ ಕಾಣುವುದು ಒಂದು ಬಾಯಿ. ಅದೂ ಟಾರ್ಚ್ ಬೆಳಕಲ್ಲಿ. ನಿಮ್ಮ ಮುಂದೆ ಲಕ್ಷಾಂತರ ಬಾಯಿಗಳ ಲೆಕ್ಕ ಇದೆ. ಯಾವ ಕ್ಲಿನಿಕ್ ಒಂದು ವರ್ಷದಲ್ಲಿ ಎಷ್ಟು ಮಕ್ಕಳನ್ನು ನೋಡಿತು, ಎಷ್ಟು ಕ್ಯಾಪ್ ಹಾಕಿತು, ಒಂದೇ ಮಗುವಿಗೆ ಒಂದೇ ದಿನ ಎಷ್ಟು ಹಲ್ಲಿಗೆ ನರದ ಚಿಕಿತ್ಸೆ ಮಾಡಿತು, ಎಷ್ಟು ಮಕ್ಕಳು ಒಮ್ಮೆ ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ, ಹಾಕಿದ ಫಿಲ್ಲಿಂಗ್ ವರ್ಷದೊಳಗೆ ಕಿತ್ತು ಬಂತಾ, ಎಲ್ಲವೂ ನಿಮ್ಮ ಬಳಿ ಬಿಲ್ ರೂಪದಲ್ಲಿ ಬಿದ್ದಿದೆ. ಎಕ್ಸ್‌ರೇ ಬಿಲ್ ಇದೆಯಾ ಇಲ್ಲವಾ ಎಂಬುದೂ ಗೊತ್ತು. ಯಾರನ್ನು ನಂಬಬಹುದು ಎಂದು ಅಂದಾಜು ಮಾಡಲು ಬೇಕಾದ ಮಾಹಿತಿ ಇರುವುದು ನಿಮ್ಮ ಹತ್ತಿರ. ಅಂದಾಜು ಮಾಡುತ್ತಾ ರಾತ್ರಿ ನಿದ್ದೆಗೆಡುವವರು ನಾವು. ಇದು ಯಾವ ನ್ಯಾಯ?

ನಿಮ್ಮ ಕಡೆಯವರು ಒಬ್ಬರಿಗೆ ಫೋನಿನಲ್ಲಿ ಇದನ್ನೇ ಕೇಳಿದೆ. "ನಾವು ಯಾವ ಡಾಕ್ಟರನ್ನೂ ಶಿಫಾರಸು ಮಾಡುವ ಹಾಗಿಲ್ಲ ಸಾರ್" ಎಂದರು. ಮರ್ಯಾದೆಯಿಂದಲೇ ಹೇಳಿದರು. ಆದರೆ ಸ್ವಾಮಿ, ಪಟ್ಟಿಯಲ್ಲಿ ಹೆಸರು ಹಾಕುವುದೇ ಒಂದು ಶಿಫಾರಸು. ಅದಕ್ಕಿಂತ ದೊಡ್ಡದು, ತಿಂಗಳು ತಿಂಗಳು ಹಣ ಕೊಡುವುದು.

ಈ ಎರಡು ತುದಿಯಲ್ಲೂ ಏನಾಗಬಹುದು ಎಂಬುದಕ್ಕೆ ಒಂದೇ ದೇಶದ ಎರಡು ಘಟನೆ ಸಾಕು. 2007ರ ಫೆಬ್ರವರಿಯಲ್ಲಿ ಅಮೆರಿಕದ ಮೇರಿಲ್ಯಾಂಡ್‌ನಲ್ಲಿ 12 ವರ್ಷದ ಒಬ್ಬ ಹುಡುಗ ತೀರಿಕೊಂಡ. ಒಂದು ಹಲ್ಲಿನ ಕೀವು ಮಿದುಳಿಗೆ ಹರಡಿತ್ತು. ಎರಡು ಆಪರೇಷನ್, ಆರು ವಾರಕ್ಕೂ ಹೆಚ್ಚು ಆಸ್ಪತ್ರೆ, ಆದರೂ ಉಳಿಯಲಿಲ್ಲ. ಆ ಮನೆಯವರು ಬಡವರಿಗೆಂದು ಇರುವ ಮೆಡಿಕೈಡ್ ಎಂಬ ಸರ್ಕಾರಿ ವಿಮೆಯಲ್ಲಿದ್ದವರು, ನಡುವೆ ಅದೂ ಕಡಿದುಹೋಗಿತ್ತು. ತಾಯಿ ಆಗ ಕಿರಿಯ ಮಗನ ಹುಳುಕು ಹಲ್ಲುಗಳಿಗೆ ಕಾರ್ಡ್ ತೆಗೆದುಕೊಳ್ಳುವ ಡಾಕ್ಟರ್ ಹುಡುಕುತ್ತಿದ್ದರು. ದೊಡ್ಡವನು ಹಲ್ಲುನೋವು ಎಂದು ಹೇಳಿಕೊಂಡಿರಲೇ ಇಲ್ಲ. ಈ ಸಾವು ಅಲ್ಲಿ ದೊಡ್ಡ ಸುದ್ದಿಯಾಯಿತು. 2009ರಲ್ಲಿ ಅಮೆರಿಕ ಮಕ್ಕಳ ಸರ್ಕಾರಿ ವಿಮೆಯಲ್ಲಿ ಹಲ್ಲಿನ ಚಿಕಿತ್ಸೆಯನ್ನು ಕಡ್ಡಾಯ ಮಾಡಿತು. ಕಾರ್ಡ್ ತೆಗೆದುಕೊಳ್ಳುವ ಡಾಕ್ಟರ್‌ಗಳ ಪಟ್ಟಿಯನ್ನು ಎಲ್ಲರಿಗೂ ಸಿಗುವಂತೆ ಇಡಬೇಕು ಎಂದೂ ಅದೇ ಕಾನೂನು ಹೇಳಿತು.

ಇನ್ನೊಂದು ತುದಿ. 2010ರ ಜನವರಿ. ಅದೇ ದೇಶದಲ್ಲಿ, ಮಕ್ಕಳ ಹಲ್ಲಿನ ಕ್ಲಿನಿಕ್‌ಗಳ ಒಂದು ದೊಡ್ಡ ಸರಪಳಿಯನ್ನು ನಡೆಸುತ್ತಿದ್ದ ಕಂಪನಿ 2.4 ಕೋಟಿ ಡಾಲರ್ ಕಟ್ಟಿ ಸರ್ಕಾರದ ಜೊತೆ ರಾಜಿ ಮಾಡಿಕೊಂಡಿತು. ಆರೋಪ ಏನಿತ್ತೆಂದರೆ, ಮೆಡಿಕೈಡ್ ಕಾರ್ಡ್ ಇರುವ ಮಕ್ಕಳ ಹಾಲು ಹಲ್ಲುಗಳಿಗೆ ಬೇಕಿಲ್ಲದ ನರದ ಚಿಕಿತ್ಸೆ, ಬೇಕಿಲ್ಲದ ಕ್ಯಾಪ್ ಮಾಡಿ ಬಿಲ್ ಹಾಕಿದ್ದು.

ಒಂದು ಕಡೆ ಡಾಕ್ಟರೇ ಸಿಗಲಿಲ್ಲ. ಇನ್ನೊಂದು ಕಡೆ ಸಿಕ್ಕವರೇ ಭಯ. ನೀವು ಇವೆರಡನ್ನೂ ಬೇರೆ ಬೇರೆ ಇಲಾಖೆಗೆ ಹಂಚುತ್ತೀರಿ: ಡಾಕ್ಟರ್ ಕೊರತೆ ಒಂದು ಫೈಲ್, ವಂಚನೆ ಇನ್ನೊಂದು ಫೈಲ್. ಆಸ್ಪತ್ರೆ ಬೆಂಚಿನ ಮೇಲೆ ಕೂತ ನಮಗೆ ಅದು ಒಂದೇ ಫೈಲ್. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗೆ. ಒಳ್ಳೆಯವರು ಎಂದು ಹೆಸರಾದವರು ಕಾರ್ಡ್ ಮುಟ್ಟುವುದಿಲ್ಲ, ಕಾರ್ಡ್ ಮುಟ್ಟುವವರ ಬಗ್ಗೆ ನಮಗೆ ಏನೂ ಗೊತ್ತಿರುವುದಿಲ್ಲ.

ಒಳ್ಳೆಯವರು ಯಾಕೆ ಮುಟ್ಟುವುದಿಲ್ಲ? ನಮ್ಮ ಡಾಕ್ಟರಮ್ಮನನ್ನೇ ಕೇಳಿದೆ, ಸ್ವಲ್ಪ ಸಲುಗೆ ಬಂದ ಮೇಲೆ. ಆ ಮೊದಲ ದಿನದ 25 ನಿಮಿಷದ ಗೊಂಬೆ ಮಾತುಕತೆಗೆ ವಿಮೆಯವರು ಎಷ್ಟು ಕೊಟ್ಟರು ಎಂದೆ. ನಕ್ಕರು. "ಬಾಯಿ ನೋಡಿದ್ದಕ್ಕೆ ಒಂದಿಷ್ಟು ಬರುತ್ತೆ. ಎರಡು ನಿಮಿಷದಲ್ಲಿ ನೋಡಿದ್ರೂ ಅಷ್ಟೇ, ಅರ್ಧ ಗಂಟೆ ಕೂತ್ರೂ ಅಷ್ಟೇ. ಔಷಧ ಹಚ್ಚಿದ್ದಕ್ಕೆ ಚೂರು ಬರುತ್ತೆ. ಕೊರೆದು, ನರ ತೆಗೆದು, ಕ್ಯಾಪ್ ಹಾಕಿದ್ರೆ ಜಾಸ್ತಿ." ಎಂಟು ಹಲ್ಲಿಗೆ ಒಂದೇ ದಿನ ಕ್ಯಾಪ್ ಹಾಕುವವರಿಗೆ ನಿಮ್ಮಿಂದ ಹೋಗುವ ಹಣ, ಎರಡು ಹಲ್ಲನ್ನು ಸುಮ್ನೆ ನೋಡುತ್ತಿರೋಣ ಎನ್ನುವವರಿಗೆ ಹೋಗುವುದಿಲ್ಲ. ಜೊತೆಗೆ ಬಿಲ್ ವಾಪಸ್ ಬರುವುದು, ಒಂದು ಅಕ್ಷರ ತಪ್ಪಿದರೆ ಮೂರು ತಿಂಗಳು ಹಣ ನಿಲ್ಲುವುದು, ಅಪಾಯಿಂಟ್‌ಮೆಂಟ್ ತೆಗೆದುಕೊಂಡವರು ಬಾರದೆ ಕುರ್ಚಿ ಖಾಲಿ ಬೀಳುವುದು. ಕೊನೆಯದರಲ್ಲಿ ನಮ್ಮ ಪಾಲೂ ಇದೆ. ದಿನಗೂಲಿಯವರಿಗೆ ಮಧ್ಯಾಹ್ನ ಮೂರಕ್ಕೆ ಬನ್ನಿ ಎಂದರೆ ಎಲ್ಲಿಂದ ಬರುತ್ತಾರೆ ಎಂಬುದು ಬೇರೆ ಮಾತು.

ನಾನು ಎಲ್ಲ ಡಾಕ್ಟರ್‌ಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಕ್ಯಾಪ್ ಜಾಸ್ತಿ ಹಾಕಿದವರೆಲ್ಲ ಕಳ್ಳರೂ ಅಲ್ಲ. ಮಕ್ಕಳ ಹಾಲು ಹಲ್ಲಿನ ಹೊರಪದರ ದೊಡ್ಡವರ ಹಲ್ಲಿಗಿಂತ ತೆಳು. ಹುಳುಕು ಬೇಗ ಒಳಗೆ ಇಳಿಯುತ್ತದೆ. ದೊಡ್ಡ ಗುಂಡಿಗೆ ಫಿಲ್ಲಿಂಗ್‌ಗಿಂತ ಕ್ಯಾಪೇ ಗಟ್ಟಿ. ತೀರಾ ಚಿಕ್ಕ ಮಗು, ಬಾಯಿ ತುಂಬ ಹುಳುಕು ಎಂದಾಗ ಪೂರ್ತಿ ಮಲಗಿಸಿ ಒಂದೇ ಸಲ ಮುಗಿಸುವುದೇ ದಯೆಯ ಕೆಲಸ. ಯಾರೂ ನೋಡದ ಮಕ್ಕಳನ್ನು ನೋಡುವ ಕ್ಲಿನಿಕ್‌ನಲ್ಲಿ ಲೆಕ್ಕ ಸಹಜವಾಗಿಯೇ ಜಾಸ್ತಿ ಬರುತ್ತದೆ. ಅದಕ್ಕೇ ಬಿಲ್ ನೋಡಿದ ತಕ್ಷಣ ದಂಡ ಹಾಕಿ ಎನ್ನುತ್ತಿಲ್ಲ. ನೋಡಿ, ಹೋಗಿ, ಕೇಳಿ ಎನ್ನುತ್ತಿದ್ದೇನೆ. ಹತ್ತು ಎಕ್ಸ್‌ರೇ ತರಿಸಿ ಬೇರೆ ಡಾಕ್ಟರ್‌ಗೆ ತೋರಿಸಿದರೆ ಎಷ್ಟೋ ಗೊತ್ತಾಗುತ್ತದೆ. ಅಷ್ಟು ಮಾಡಿ, ಸರಿ ಇದ್ದವರ ಹೆಸರಿನ ಮುಂದೆ "ನೋಡಿದ್ದೇವೆ" ಎಂದು ಒಂದು ಗುರುತು ಹಾಕಿ. ನಮಗೆ ಸಾಕು.

ಪಟ್ಟಿಯ ವಿಷಯ ಅದಕ್ಕಿಂತ ಸುಲಭ. ನಿಮ್ಮ ಆಫೀಸಿನ ಯಾರಾದರೂ ಒಬ್ಬರು ಅಪ್ಪನ ಹಾಗೆ ಫೋನ್ ಮಾಡಲಿ. "ನನ್ನ ಮಗಳಿಗೆ ಐದು ವರ್ಷ, ಈ ಕಾರ್ಡ್ ಇದೆ, ಹಲ್ಲು ನೋಯ್ತಿದೆ, ಯಾವಾಗ ಬರಲಿ?" ಎಂದು ಕೇಳಲಿ. ಒಂದು ಮಧ್ಯಾಹ್ನದಲ್ಲಿ ನನ್ನ ಕೈಯಲ್ಲಿ ಆದ ಕೆಲಸ ಅದು. ಪ್ರತಿ ಹೆಸರಿನ ಮುಂದೆ ಕೊನೆಯ ಸಲ ಫೋನ್ ಮಾಡಿದ ತಾರೀಕು ಹಾಕಿ. ಎಷ್ಟು ವರ್ಷದ ಮಗುವಿನಿಂದ ನೋಡುತ್ತಾರೆ, ಹೊಸಬರನ್ನು ಸೇರಿಸಿಕೊಳ್ಳುತ್ತಾರಾ, ಎಷ್ಟು ದಿನ ಕಾಯಬೇಕು ಎಂದು ಬರೆಯಿರಿ. 17ರ ಬದಲು ಎರಡೇ ಹೆಸರು ಉಳಿದರೂ ಪರವಾಗಿಲ್ಲ. ಎರಡು ಎಂದು ಬರೆದರೆ ಕೊರತೆ ನಿಮ್ಮ ಕಣ್ಣಿಗೇ ಬೀಳುತ್ತದೆ. 17 ಎಂದು ಬರೆದಿರುವವರೆಗೆ ನಿಮ್ಮ ವರದಿಗಳಲ್ಲಿ ಎಲ್ಲವೂ ಚೆನ್ನಾಗಿರುತ್ತದೆ.

ಎರಡನೇ ಅಭಿಪ್ರಾಯಕ್ಕೆ ಹಣ ಕೊಡಿ. ಇದು ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುತ್ತದೆ. ಮಂಪರು ಕೊಟ್ಟು ಹಲವು ಹಲ್ಲಿಗೆ ಕೈ ಹಾಕುವ ಮುಂಚೆ, ಬೇಕಾದರೆ ಇನ್ನೊಬ್ಬರಿಗೆ ತೋರಿಸಿ ಎಂದು ನೀವೇ ಹೇಳಿ, ಮೂರು ದಿನದೊಳಗೆ ಆ ಇನ್ನೊಬ್ಬರನ್ನೂ ನೀವೇ ಹುಡುಕಿಕೊಡಿ. ಎಕ್ಸ್‌ರೇ ಅಪ್ಪ ಅಮ್ಮನ ಕೈಗೆ ಬಂದ ಮೇಲೆಯೇ ಅದರ ಬಿಲ್ ಪಾಸಾಗಲಿ. ನನ್ನ ಬಳಿ ಆ ಎಕ್ಸ್‌ರೇ ಇದ್ದಿದ್ದರೆ, ತೋರಿಸಲು ಒಬ್ಬರು ಇದ್ದಿದ್ದರೆ, ಒಂಬತ್ತು ದಿನ ಮೂರು ದಿನವಾಗುತ್ತಿತ್ತು. ಹಲ್ಲು ಉಳಿಯುತ್ತಿತ್ತೇನೋ.

"ಹಾಲು ಹಲ್ಲು ತಾನೆ, ಹೇಗೂ ಬಿದ್ದೋಗುತ್ತೆ" ಎಂಬ ಮಾತನ್ನು ನಿಮ್ಮ ಕಡೆಯವರಿಂದಲೂ ಕೇಳಿದ್ದೇನೆ, ನಮ್ಮ ಮನೆಯಲ್ಲೂ ಕೇಳಿದ್ದೇನೆ. ಮುಂಭಾಗದ ಹಲ್ಲು ಆರೇಳು ವರ್ಷಕ್ಕೆ ಬೀಳುತ್ತದೆ, ನಿಜ. ದವಡೆಯ ಹಾಲು ಹಲ್ಲು 10, 12 ವರ್ಷದವರೆಗೂ ಇರಬೇಕು. ಐದು ವರ್ಷಕ್ಕೇ ಅದನ್ನು ಕಳೆದುಕೊಂಡರೆ ಅಕ್ಕಪಕ್ಕದ ಹಲ್ಲು ಆ ಜಾಗಕ್ಕೆ ವಾಲುತ್ತವೆ, ಅಡಿಯಿಂದ ಬರಬೇಕಾದ ಹಲ್ಲಿಗೆ ದಾರಿ ಇರುವುದಿಲ್ಲ. ನನ್ನ ಮಗಳಿಗೆ ಈಗ ಆ ಜಾಗ ಕಾಯಲು ತಂತಿಯ ಒಂದು ಪುಟ್ಟ ಕೊಂಡಿ ಹಾಕಿದ್ದಾರೆ. ಅವಳು ಅದಕ್ಕೆ "ಗೇಟು" ಎನ್ನುತ್ತಾಳೆ. ಎಲ್ಲರಿಗೂ ತೋರಿಸುತ್ತಾಳೆ. ನನಗೆ ಮಾತ್ರ ಅದನ್ನು ನೋಡಿದಾಗಲೆಲ್ಲ ಆ ಒಂಬತ್ತು ದಿನ ನೆನಪಾಗುತ್ತದೆ.

ಇದು ನಮ್ಮೊಬ್ಬರ ಮನೆಯ ಕಥೆಯೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಪ್ರಪಂಚದಲ್ಲಿ ಸುಮಾರು 51.4 ಕೋಟಿ ಮಕ್ಕಳಿಗೆ ಹಾಲು ಹಲ್ಲಿನ ಹುಳುಕು ಇದೆ. ಇಷ್ಟು ಮಕ್ಕಳನ್ನು ಕುರ್ಚಿಯಲ್ಲಿ ಕೂರಿಸಿ ಕೊರೆಯುತ್ತಾ ಹೋದರೆ ಯಾವ ವಿಮೆಯ ಖಜಾನೆಯೂ ಸಾಲದು. ಹುಳುಕು ಶುರುವಾಗುವುದು ಗುಂಡಿಯಾಗಿ ಅಲ್ಲ, ಎಷ್ಟೋ ಸಲ ವಸಡಿನ ಅಂಚಿನಲ್ಲಿ ಸುಣ್ಣ ಬಳಿದಂಥ ಒಂದು ಬಿಳಿ ಗೆರೆಯಾಗಿ. ಆ ಹಂತದಲ್ಲಿ ಫ್ಲೋರೈಡ್ ಹಚ್ಚಿದರೆ ಅದು ವಾಪಸ್ ಗಟ್ಟಿಯಾಗಬಲ್ಲದು. ವಾರ್ನಿಷ್ ಬಳಿಯುವುದಕ್ಕೆ ಡಾಕ್ಟರೇ ಬೇಕೆಂದಿಲ್ಲ, ತರಬೇತಿ ಪಡೆದ ನರ್ಸ್ ಸಾಕು. ನ್ಯೂಜಿಲೆಂಡ್ 1921ರಲ್ಲೇ ಶಾಲೆ ಮಕ್ಕಳ ಹಲ್ಲಿಗೆಂದೇ ನರ್ಸ್‌ಗಳನ್ನು ತಯಾರು ಮಾಡಲು ಶುರು ಮಾಡಿತ್ತು. ನಮ್ಮ ಮಗಳು ಲಸಿಕೆಗೆ ಎಷ್ಟು ಸಲ ಆ ನರ್ಸ್ ಬಳಿ ಹೋಗಿದ್ದಳು! ಪ್ರತಿ ಸಲ ತೂಕ ನೋಡಿದರು, ಎತ್ತರ ನೋಡಿದರು. ತುಟಿ ಎತ್ತಿ ಹಲ್ಲು ನೋಡುವುದು ಅವರ ಕೆಲಸದ ಪಟ್ಟಿಯಲ್ಲಿ ಇರಲಿಲ್ಲ. ಅದನ್ನು ಸೇರಿಸುವುದು ನಿಮ್ಮ ಕೈಯಲ್ಲಿದೆ.

ಇದನ್ನು ಓದುತ್ತಿರುವ ಬೇರೆ ಅಪ್ಪ ಅಮ್ಮಂದಿರಿಗೆ ಎರಡು ಮಾತು, ಸಾಹೇಬರು ಸ್ವಲ್ಪ ಕ್ಷಮಿಸಲಿ. ಮೊದಲ ಹಲ್ಲು ಬಂದ ಮೇಲೆ, ಮಗುವಿಗೆ ಒಂದು ವರ್ಷ ತುಂಬುವುದರೊಳಗೆ ಒಮ್ಮೆ ತೋರಿಸಿ. ನೋವಿಲ್ಲದಾಗ ಹುಡುಕಿದರೆ ಡಾಕ್ಟರನ್ನು ಆರಿಸಿಕೊಳ್ಳಬಹುದು, ನೋವಿದ್ದಾಗ ಸಿಕ್ಕವರೇ ಗತಿ. ಆರು ವರ್ಷದ ಹೊತ್ತಿಗೆ ಹಾಲು ಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದು ದವಡೆ ಹಲ್ಲು ಬರುತ್ತದೆ. ಅದು ಹಾಲು ಹಲ್ಲಲ್ಲ, ಜೀವನಪೂರ್ತಿ ಇರಬೇಕಾದದ್ದು. ಮೂರು ವರ್ಷದ ಒಳಗೆ ಅಕ್ಕಿಕಾಳಿನಷ್ಟು, ಆಮೇಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಡಾಕ್ಟರ್ ಬಳಿ ಹೋದಾಗ "ಇದನ್ನು ಈಗ ಮಾಡದಿದ್ದರೆ ಏನಾಗುತ್ತೆ?" ಎಂದು ಕೇಳಿ. ನಂಬಬಹುದಾದವರು ಆ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ಕೂತು ಉತ್ತರ ಹೇಳುತ್ತಾರೆ. ಮಂಪರು ಕೊಡುತ್ತೇವೆ ಎಂದರೆ, ಹಲ್ಲಿನ ಕೆಲಸ ಮಾಡುವವರನ್ನು ಬಿಟ್ಟು ಉಸಿರು, ನಾಡಿ ನೋಡಲು ಇನ್ನೊಬ್ಬರು ಇರುತ್ತಾರಾ ಎಂದು ಕೇಳಿ. ಮುಖ ಊದಿ ಜ್ವರ ಬಂದರೆ ಪಟ್ಟಿ, ಫೋನ್ ಯಾವುದೂ ಬೇಡ, ನೇರ ದೊಡ್ಡಾಸ್ಪತ್ರೆಗೆ ಓಡಿ. ನನ್ನ ಹಾಗೆ ನೋವು ನಿಂತಿತು ಎಂದು ಸುಮ್ಮನಾಗಬೇಡಿ.

ಮತ್ತೆ ನಿಮ್ಮ ಕಡೆಗೆ ಬರುತ್ತೇನೆ. ಈ ಪತ್ರ ನಾಲ್ಕು ತಿಂಗಳ ಹಿಂದೆ ಬರೆಯಬಹುದಿತ್ತು. ಬರೆಯಲಿಲ್ಲ. ನಮಗೆ ಡಾಕ್ಟರ್ ಸಿಕ್ಕಿದ್ದರು, ನಮ್ಮ ಪಾಡಿಗೆ ನಾವು ಇದ್ದುಬಿಡೋಣ ಎಂದುಕೊಂಡಿದ್ದೆ. ಕಳೆದ ವಾರ ಕೊಂಡಿ ಸರಿ ಇದೆಯಾ ಎಂದು ತೋರಿಸಲು ಹೋಗಿದ್ದೆವು. ಮಗಳು ತಾನೇ ಕುರ್ಚಿ ಹತ್ತಿದಳು, ಕನ್ನಡಿ ಕೇಳಿ ಇಸಿದುಕೊಂಡಳು. ಎಲ್ಲ ಸರಿ ಇತ್ತು. ಹೊರಗೆ ಬಂದು ಮುಂದಿನ ಆರು ತಿಂಗಳಿಗೆ ಅಪಾಯಿಂಟ್‌ಮೆಂಟ್ ಬರೆಸಲು ನಿಂತಾಗ, ರಿಸೆಪ್ಷನ್‌ನಲ್ಲಿದ್ದ ಹುಡುಗಿ ಮೆಲ್ಲಗೆ ಹೇಳಿದಳು. ಈ ವರ್ಷದ ಕೊನೆಗೆ ಮೇಡಂ ನಿಮ್ಮ ಕಾರ್ಡ್ ತೆಗೆದುಕೊಳ್ಳುವುದು ನಿಲ್ಲಿಸುತ್ತಿದ್ದಾರಂತೆ. ಎಂಟು ತಿಂಗಳ ಬಿಲ್ ಬಾಕಿ ಇದೆಯಂತೆ.

ಮನೆಗೆ ಬಂದು ನಿಮ್ಮ ಪಟ್ಟಿ ಮತ್ತೆ ತೆಗೆದು ನೋಡಿದೆ. ಈಗ 18 ಹೆಸರಿದೆ. ಹೊಸದಾಗಿ ಸೇರಿರುವುದು ನಮ್ಮ ಡಾಕ್ಟರಮ್ಮನ ಹೆಸರು.

ಇತಿ,
ಐದೂವರೆ ವರ್ಷದ ಒಬ್ಬ ಹುಡುಗಿಯ ಅಪ್ಪ